ಪಕ್ಕದ ಕೊಳದ ನೀರು

ಏಪ್ರಿಲ್ 9, ಬುಧವಾರ

ಇವತ್ತೂ ಅತ್ತೆಯ ಕುರ್ಚಿ ಪಕ್ಕದ ಮನೆಗೆ ಹೋಯಿತು. ನಾನೇ ಎತ್ತಿಕೊಂಡು ಹೋಗಿ ಇಟ್ಟು ಬಂದೆ.

ಮುದ್ದೇನಹಳ್ಳಿ ರಸ್ತೆಯ ಈ ಜಾಗದಲ್ಲಿ ಅತ್ತೆಯ ಮಕ್ಕಳು, ಅಣ್ಣ ತಮ್ಮ ಇಬ್ಬರೂ, ಒಟ್ಟಿಗೇ ಮನೆ ಕಟ್ಟಿದರು. ನಡುವೆ ಸೊಂಟದೆತ್ತರದ ಗೋಡೆ, ಗೋಡೆಯಲ್ಲೊಂದು ಸಣ್ಣ ಗೇಟು. ಅತ್ತೆಗೆ ಊಟ, ಮಾತ್ರೆ, ಕಣ್ಣಿನ ಹನಿ ಎಲ್ಲ ನಮ್ಮ ಮನೆಯಲ್ಲಿ. ಸಂಜೆ ಮಾತ್ರ ಓರಗಿತ್ತಿಯ ಕೊಳದ ಹತ್ತಿರ.

"ನಮ್ಮನೇಲೂ ಕೊಳ ಇದೆಯಲ್ಲ ಅತ್ತೆ" ಎಂದೆ ಅಲ್ಲಿ ಕುರ್ಚಿ ಇಡುವಾಗ, ನಗುತ್ತಲೇ.

"ಇದೆ ಕಣಮ್ಮ, ಇಲ್ಲ ಅಂದೋರು ಯಾರು? ನನ್ನ ಕಣ್ಣಿಗೆ ಆ ಕೊಳದಲ್ಲಿ ಬರೀ ಹಸಿರು ಕಾಣತ್ತೆ. ಇಲ್ಲಾದ್ರೆ ಕೆಂಪಗೆ ಏನೋ ಓಡಾಡತ್ತೆ. ಅಷ್ಟು ಕಂಡ್ರೆ ಸಾಕು ನಂಗೆ."

ಅವರ ಎಡಗಣ್ಣು ಹೋಗಿ ಎರಡು ವರ್ಷವಾಯಿತು. ಬಲಗಣ್ಣಿಗೆ ಈಗ ಗಾಢವಾದ ಬಣ್ಣಗಳು ಮಾತ್ರ ಕಾಣುತ್ತವೆ. ಅದೂ ಈ ವರ್ಷ ದಾಟಿದರೆ ಹೆಚ್ಚು ಎಂದು ಡಾಕ್ಟರು ನನ್ನ ಹತ್ತಿರ ಹೇಳಿದ್ದಾರೆ. ಅತ್ತೆಗೆ ಹೇಳಿಲ್ಲ.

ನಮ್ಮ ಕೊಳದಲ್ಲಿ ಐದು ಕೋಯಿ ಮೀನುಗಳಿವೆ. ಅದರಲ್ಲೊಂದು ಹಾಲಿನಂಥ ಬಿಳಿ, ಹಣೆಯ ಮೇಲೆ ಮಾತ್ರ ದುಂಡಗೆ ಕೆಂಪು. ತಂದ ದಿನ ಅತ್ತೆ ಬಕೆಟ್ಟಿನಲ್ಲಿ ಅದನ್ನು ಹತ್ತಿರದಿಂದ ನೋಡಿ "ಅಯ್ಯೋ, ಮುತ್ತೈದೆ!" ಎಂದು ಕೆನ್ನೆ ತಟ್ಟಿಕೊಂಡಿದ್ದರು. ಓರಗಿತ್ತಿಯ ಆರು ಮೀನುಗಳಲ್ಲಿ ಅಂಥದ್ದು ಒಂದೂ ಇಲ್ಲ. ಆದರೆ ಮುತ್ತೈದೆ ಹಸಿರು ನೀರಿನೊಳಗೆ ಎಲ್ಲಿದ್ದಾಳೋ ನನಗೇ ಕಾಣುವುದಿಲ್ಲ. ಅತ್ತೆಯ ಕಣ್ಣಿರುವಷ್ಟರಲ್ಲಿ ಆ ಮೀನನ್ನು ಅವರು ನಮ್ಮ ಅಂಗಳದಲ್ಲೇ ಕೂತು ನೋಡಬೇಕು. ನನಗೆ ಬೇಕಾಗಿರುವುದು ಇಷ್ಟೇ, ಇದು ದೊಡ್ಡ ಆಸೆಯೇನಲ್ಲ.

ಏಪ್ರಿಲ್ 11, ಶುಕ್ರವಾರ

ರಜೆ ಶುರುವಾಗಿದೆ. ಕಾಲೇಜಿನ ಉತ್ತರ ಪತ್ರಿಕೆಗಳು ಮುಗಿದವು. ಈ ರಜೆಯಲ್ಲಿ ಹಳೆಗನ್ನಡ ಕಾವ್ಯವನ್ನು ಮೊದಲಿನಿಂದ ಓದಬೇಕೆಂದುಕೊಂಡಿದ್ದೆ. ಬೆಳಿಗ್ಗೆ ಒಂದು ಕೊಳದ ವರ್ಣನೆ ಸಿಕ್ಕಿತು. ತಾವರೆಯಿದೆ, ಹಂಸವಿದೆ, ತುಂಬಿಯಿದೆ. ಪಾಚಿ ಒಂದು ಸಾಲಿನಲ್ಲೂ ಇಲ್ಲ. ಆ ಕವಿಗಳ ಕೊಳಗಳನ್ನು ತೊಳೆಯುತ್ತಿದ್ದವರು ಯಾರೋ.

ಮಧ್ಯಾಹ್ನ ನಾನು ತೊಳೆದೆ. ಮೀನುಗಳನ್ನು ಟಬ್ಬಿಗೆ ಹಾಕಿ, ನೀರೆಲ್ಲ ಹೊರಬಿಟ್ಟು, ಗ್ರಾನೈಟ್ ಅಂಚನ್ನು ತೆಂಗಿನ ನಾರಿನಲ್ಲಿ ತಿಕ್ಕಿ, ಬ್ಲೀಚಿಂಗ್ ಹಾಕಿ ತೊಳೆದು ಹೊಸ ನೀರು ತುಂಬಿಸಿದೆ. ಸಂಕ್ರಾಂತಿಗೆ ಕೊಳ ಕಟ್ಟಿಸಿದ ಮೇಲೆ ಹೀಗೆ ತೊಳೆದದ್ದು ಎಂಟನೆಯ ಸಲ. ಶಿಡ್ಲಘಟ್ಟದ ಪಕ್ಕದ ನಮ್ಮೂರಿನಲ್ಲಿ ಅಮ್ಮ ಪ್ರತಿ ಬೆಳೆಗೂ ರೇಷ್ಮೆ ಹುಳುವಿನ ಮನೆಯನ್ನು ಹೀಗೇ ತೊಳೆಯುತ್ತಿದ್ದಳು. ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲಕ್ಕೂ ಬ್ಲೀಚಿಂಗ್, ಆಮೇಲೆ ಸುಣ್ಣ. ಒಂದು ತಟ್ಟೆಯ ಮೂಲೆಯಲ್ಲಿ ಹಳೆ ಬೆಳೆಯ ಕೊಳೆ ಉಳಿದರೂ ಹೊಸ ಹುಳುಗಳೆಲ್ಲ ಹೋದವೆಂದೇ ಲೆಕ್ಕ. ಅಮ್ಮನ ಅಂಗೈ ಸದಾ ಬಿರುಕು ಬಿಟ್ಟಿರುತ್ತಿತ್ತು. ಅವಳ ಬೆಳೆ ಒಮ್ಮೆಯೂ ಕೆಡಲಿಲ್ಲ.

ಓರಗಿತ್ತಿ ಗೋಡೆಯ ಆಚೆಯಿಂದ ನೋಡುತ್ತಿದ್ದಳು. ಆಕೆಯದು ಕೊಳವೂ ಅಲ್ಲ, ಪಂಪ್‌ಹೌಸಿನ ಹಳೆಯ ಸಿಮೆಂಟ್ ತೊಟ್ಟಿ. ಗೋಡೆಗೆಲ್ಲ ಪಾಚಿ. ತಿಂಗಳುಗಟ್ಟಲೆ ತೊಳೆಯುವುದಿಲ್ಲ. ಆದರೂ ನೀರು ಗಾಜು.

ಏಪ್ರಿಲ್ 14, ಸೋಮವಾರ

ಕಿತ್ತಳೆ ಬಣ್ಣದ ಚಿಕ್ಕ ಮೀನು ಸತ್ತಿದೆ. ಉಳಿದವು ನೀರು ಬೀಳುವ ಪೈಪಿನ ಕೆಳಗೆ ಬಂದು ಬಾಯಿ ತೆರೆದು ನಿಂತಿವೆ. ಮುತ್ತೈದೆಯ ರೆಕ್ಕೆಯಲ್ಲಿ ಕೆಂಪು ಎಳೆಗಳು, ರಕ್ತ ಒಸರಿದಂತೆ.

ಬ್ಯಾಂಕಿಗೆ ರಜೆಯೆಂದು ಮನೆಯಲ್ಲಿದ್ದ ಇವರು ಬಂದು ನೋಡಿ, "ಇದ್ಯಾಕೆ ಬೇಕಿತ್ತು ಭಾನು ನಿಂಗೆ? ಪುಸ್ತಕ ಓದ್ಕೊಂಡು ಚೆನ್ನಾಗಿದ್ದೆ" ಎಂದರು. ಇವರಿಗೆ, ಮೋಹನ್‌ಬಾಬು ಅವರಿಗೆ, ಎಲ್ಲವೂ ಇಷ್ಟು ಸುಲಭ.

ಕವಿತೆಯ ಪ್ರಭಾವದಿಂದ ಕೊಳ ಕಟ್ಟಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಈ ಡೈರಿಯಲ್ಲಿಯೂ ಹಾಗೆಯೇ ಬರೆದಿಟ್ಟಿದ್ದೆ, ಜನವರಿಯಲ್ಲಿ.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಆಕೆ ಗೇಟಿನಿಂದ ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಕಪ್ಪಗೆ ಲೋಳೆ ಹಿಡಿದ ಸ್ಪಂಜು. ಅದರಿಂದ ನೆಲಕ್ಕೆ ಕೆಸರು ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ನನ್ನ ಫಿಲ್ಟರಿಂದು ಇದು. ನಿಮ್ಮ ಫಿಲ್ಟರ್‌ಗೆ ಹಾಕ್ಬಿಡಿ. ತೊಳೀಬೇಡಿ, ಹಂಗೇ ಹಾಕಿ."

"ಹೀಗೇನಾ?"

"ಹೂ ಅಕ್ಕಾ. ಮೀನಿನ ಗಲೀಜು ತಿನ್ನೋ ಹುಳ ಅದ್ರಲ್ಲಿರ್ತವಂತೆ, ಕಣ್ಣಿಗೆ ಕಾಣ್ದಂಥವು. ನೀವು ಪದೇ ಪದೇ ತೊಳೀತೀರಲ್ಲ, ನಿಮ್ಮಲ್ಲಿ ಅವು ಹುಟ್ಟೇ ಇಲ್ಲ."

ಹತ್ತನೆಯ ತರಗತಿಯ ಮೇಲೆ ಓದದವಳು, ನನ್ನ ಅಂಗಳದಲ್ಲಿ ನಿಂತು ನನ್ನ ಚೊಕ್ಕತನವೇ ತಪ್ಪೆಂದು ಹೇಳಿದಳು. ಅತ್ತೆ ವರಾಂಡದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. "ಮಂಚಿದೇ ಚೆಪ್ಪುತೋಂದಿ, ಕೇಳು" ಎಂದು ತೆಲುಗಿನಲ್ಲಿ ಅವಳದೇ ಪಕ್ಷ ವಹಿಸಿದರು. ಒಳ್ಳೆಯದನ್ನೇ ಹೇಳುತ್ತಿದ್ದಾಳಂತೆ.

ಥ್ಯಾಂಕ್ಸ್ ಎಂದೆ. ನಕ್ಕೆ. ಆಕೆ ಗೇಟು ದಾಟಿದ ಮೇಲೆ ಕವರನ್ನು ಹಿತ್ತಲಿಗೆ ಒಯ್ದೆ. ಹುಳುವಿನ ಮನೆಯ ಮಗಳು ಪಕ್ಕದ ಮನೆಯ ಕೊಳೆಯನ್ನು ತನ್ನ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಬಕೆಟ್ಟಿಗೆ ಬ್ಲೀಚಿಂಗ್ ಕಲಸಿ ಸ್ಪಂಜನ್ನು ಒಂದು ಗಂಟೆ ನೆನೆಸಿದೆ. ಹಿಂಡಿದೆ, ಮತ್ತೆ ನೆನೆಸಿದೆ. ನಾಲ್ಕನೆಯ ಸಲ ಹಿಂಡಿದಾಗ ಬಣ್ಣ ತಿಳಿಯಾಯಿತು, ನಿಜವಾದ ನೀಲಿ ಕಂಡಿತು. ಅದನ್ನು ಫಿಲ್ಟರಿಗೆ ಹಾಕಿದೆ.

ಆಕೆ ಕೇಳಿದರೆ ಹಾಕಿದೆನೆಂದು ಹೇಳಬಹುದು. ಅದು ಸುಳ್ಳಾಗುವುದಿಲ್ಲ.

ಏಪ್ರಿಲ್ 20, ಭಾನುವಾರ

ಎರಡು ಸತ್ತವು. ಈಗ ಉಳಿದಿರುವುದು ಮುತ್ತೈದೆ ಮತ್ತು ಕಪ್ಪು ಮೀನು ಕರಿಯ.

ಏಪ್ರಿಲ್ 21, ಸೋಮವಾರ

ಸತ್ತ ಮೀನುಗಳನ್ನು ದಾಸವಾಳದ ಬುಡದಲ್ಲಿ ಹೂತೆ. ಅತ್ತೆ ಕೋಲು ಊರಿಕೊಂಡು ಬಂದು ನಿಂತರು.

"ಏನಾಯ್ತಮ್ಮ ಭಾನು? ಯಾಕಿಂಗೆ ಒಂದೊಂದೇ ಹೋಗ್ತಿದಾವೆ?"

"ಗೊತ್ತಿಲ್ಲ ಅತ್ತೆ. ವರಲಕ್ಷ್ಮಿ ಕೊಟ್ಟ ಸ್ಪಂಜು ಹಾಕಿದ ಮೇಲೆ ಜಾಸ್ತಿ ಆಯ್ತು."

ಹೇಳಿದ ಮಾತಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ಸ್ಪಂಜು ಹಾಕಿದ್ದು ಗುರುವಾರ, ಸತ್ತದ್ದು ಭಾನುವಾರ.

ಅತ್ತೆ ಕೋಲು ಊರಿಕೊಂಡು ಒಳಗೆ ಹೋದರು. ಸಂಜೆ ಕುರ್ಚಿ ಕೇಳಲಿಲ್ಲ. ನಮ್ಮ ವರಾಂಡದಲ್ಲೇ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಅವರು ಮನೆಯಲ್ಲೇ ಕೂತ ಸಂಜೆಯನ್ನು ನಾನು ಎಷ್ಟೋ ದಿನದಿಂದ ಬಯಸಿದ್ದೆ. ಕಾಫಿ ಕೊಟ್ಟೆ. "ಸಕ್ಕರೆ ಕಮ್ಮಿ ಆಗಿದೆ" ಎಂದರು.

ಏಪ್ರಿಲ್ 24, ಗುರುವಾರ

ಮೀನು ಕೊಂಡುಕೊಂಡಿದ್ದ ಚಿಂತಾಮಣಿ ಅಂಗಡಿಯ ಕೆಂಪರಾಜು ಬಂದಿದ್ದರು. ಸಣ್ಣ ಗಾಜಿನ ಕೊಳವೆಯಲ್ಲಿ ನಮ್ಮ ಕೊಳದ ನೀರು ತೆಗೆದು, ಎರಡು ಸೀಸೆಯಿಂದ ಹನಿ ಹಾಕಿ ಅಲುಗಿಸಿದರು. ಹಳದಿ ಉಳಿದರೆ ಒಳ್ಳೆಯ ನೀರು, ಹಸಿರಿಗೆ ತಿರುಗಿದರೆ ಅಮೋನಿಯಾ. ನಮ್ಮದು ದಾಸವಾಳದ ಎಲೆಯಷ್ಟು ಹಸಿರಾಯಿತು.

"ಇದು ರೋಗ ಅಲ್ಲ ಮೇಡಂ, ವಿಷ. ಮೀನಿನ ಉಚ್ಚೆನೇ ಮೀನಿಗೆ ವಿಷ ಆಗಿದೆ. ಅದನ್ನ ತಿನ್ನೋ ಜೀವ ಫಿಲ್ಟರಲ್ಲಿ ಬೆಳೀಬೇಕು. ಒಂದೂವರೆ ತಿಂಗಳಾದ್ರೂ ಬೇಕು. ಹಳೇ ಕೊಳದ ಸ್ಪಂಜು ಏನಾದ್ರೂ ಸಿಕ್ಕಿದ್ರೆ ಬೇಗ ಆಗತ್ತೆ."

ಸಿಕ್ಕಿದೆ, ಹಾಕಿದ್ದೇನೆ ಎಂದೆ.

"ಹೌದಾ? ತೊಳೆದು ಹಾಕಿದ್ರಾ?"

"ಇಲ್ಲ."

ಅಷ್ಟು ಬೇಗ ಬಂತು ಆ ಮಾತು. ಅವರು ಫಿಲ್ಟರಿನ ಮುಚ್ಚಳ ತೆಗೆದು ನೋಡಿದ್ದರೆ ಆ ನೀಲಿಯೇ ಹೇಳಿಬಿಡುತ್ತಿತ್ತು. ಅವರು ನೋಡಲಿಲ್ಲ. ನನ್ನ ಮುಖ ನೋಡಿ, ಎಂ.ಎ. ಮೇಡಂ ಎಂದು ನಂಬಿದರು.

"ಹಂಗಾದ್ರೆ ಆಶ್ಚರ್ಯ ಮೇಡಂ. ಆ ಲೋಳೆನೇ ಔಷಧಿ. ಅದು ಹಾಕಿದ ಮೇಲೂ ಸಾಯ್ತಿದಾವೆ ಅಂದ್ರೆ, ವಿಷದ ಜೊತೆಗೆ ಆ ಸ್ಪಂಜಲ್ಲೇ ಏನೋ ರೋಗಾನೂ ಬಂದಿರಬೇಕು. ಆ ಕೊಳಾನೂ ನೋಡ್ಬೇಕು."

ಮೇವು ನಿಲ್ಲಿಸಿ, ಒಂದಿಷ್ಟು ಕಲ್ಲುಪ್ಪು ಹಾಕಿ, ಹಿಂದಿನ ದಿನ ಹಿಡಿದಿಟ್ಟ ನೀರಿನಿಂದ ಕೊಳದ ನೀರನ್ನು ದಿನಕ್ಕೆ ಸ್ವಲ್ಪ ಬದಲಾಯಿಸಿ ಎಂದು ಹೇಳಿ, ಹೆಲ್ಮೆಟ್ ಹಾಕಿಕೊಂಡು ಗೋಡೆಯ ಆಚೆ ಹೋದರು. ಅಲ್ಲಿ ಬಹಳ ಹೊತ್ತು ಮಾತು ನಡೆಯಿತು. ನಾನು ಒಳಗೆ ಬಂದು ಪುಸ್ತಕ ತೆರೆದೆ. ಒಂದೇ ಪದ್ಯವನ್ನು ಎಷ್ಟು ಸಲ ಓದಿದೆನೋ.

ಗೊತ್ತಾಯಿತು. ನಾನು ತೊಳೆದದ್ದು ಔಷಧಿಯನ್ನು.

ಏಪ್ರಿಲ್ 26, ಶನಿವಾರ

ವರಲಕ್ಷ್ಮಿ ಬಂದಿದ್ದಳು. ಕಣ್ಣು ಊದಿತ್ತು. ಬಾಗಿಲಲ್ಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ.

"ನನ್ನಿಂದ ಹಿಂಗಾಯ್ತು ಅಕ್ಕಾ. ಕೆಂಪರಾಜು ಹೇಳಿದ್ರು. ನನ್ನ ಆರೂ ಚೆನ್ನಾಗೇ ಇದಾವೆ, ಆದ್ರೂ ಒಳಗೆ ರೋಗ ಇರಬೋದಂತೆ. ತೊಟ್ಟಿ, ಸ್ಪಂಜು, ಪೈಪು ಎಲ್ಲಾ ಬ್ಲೀಚಿಂಗ್ ಹಾಕಿ ತೊಳೆದು ಹೊಸದಾಗಿ ಶುರು ಮಾಡ್ಬೇಕಂತೆ. ನಾಳೆ ಬೆಳಿಗ್ಗೆ ಮಾಡ್ತೀನಿ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನೀವು ಹುಳುವಿನ ಮನೆಯೋರು. ಒಂದು ಬಕೆಟ್‌ಗೆ ಎಷ್ಟು ಹಾಕ್ಬೇಕು ಹೇಳಿ ಅಕ್ಕಾ. ನಂಗೆ ಅದೆಲ್ಲ ಗೊತ್ತಾಗಲ್ಲ."

ಅವಳು ಏನನ್ನಾದರೂ ನನ್ನನ್ನು ಕೇಳಿದ್ದು ಇದೇ ಮೊದಲು. ಈ ಹದಿನೆಂಟು ವರ್ಷದಲ್ಲಿ ಹಪ್ಪಳದ ಹಿಟ್ಟಿನ ಹದವನ್ನೂ ಕೇಳಿದವಳಲ್ಲ.

ಹೇಳಿದೆ. ಎಷ್ಟು ಹಿಡಿ, ಎಷ್ಟು ಹೊತ್ತು, ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಎಲ್ಲವನ್ನೂ ಸರಿಯಾಗಿ ಹೇಳಿದೆ.

ಇದಕ್ಕಿಂತ ಹೆಚ್ಚು ಇವತ್ತು ಬರೆಯುವುದಿಲ್ಲ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಆರಕ್ಕೆ ಎದ್ದು ಕಾಫಿ ಹಾಕಿದೆ. ಗೋಡೆಯ ಆಚೆ ಬಕೆಟ್ಟಿನ ಸದ್ದು. ನನ್ನ ಪಾಡಿಗೆ ನಾನು ಸೊಪ್ಪು ಬಿಡಿಸುತ್ತ ಕೂತೆ. ನನಗೂ ಅದಕ್ಕೂ ಏನು ಸಂಬಂಧ, ತೊಳೆಯುವ ನಿರ್ಧಾರ ಅವಳದು, ಸಲಹೆ ಕೆಂಪರಾಜುವಿನದು. ಒಂದೂವರೆ ತಿಂಗಳು ಅವಳ ನೀರೂ ಹಸಿರಾಗಿರುತ್ತದೆ. ಎರಡೂ ಕೊಳ ಒಂದೇ ಆಗುತ್ತವೆ. ಅತ್ತೆಗೆ ಎಲ್ಲಿ ಕೂತರೂ ಒಂದೇ.

ಎಲ್ಲಿ ಕೂತರೂ ಏನೂ ಕಾಣುವುದಿಲ್ಲ.

ಸೊಪ್ಪಿನ ತಟ್ಟೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಗೇಟಿನ ಹತ್ತಿರ ಚಪ್ಪಲಿ ಇರಲಿಲ್ಲ, ಹಾಗೇ ಹೋದೆ. ಮೀನುಗಳು ನೀಲಿ ಡ್ರಮ್ಮಿನಲ್ಲಿದ್ದವು. ಕಪ್ಪು ಸ್ಪಂಜುಗಳನ್ನು ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಕಲಸಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತೊಟ್ಟಿಗೆ ಸುರಿಯುವುದರಲ್ಲಿದ್ದಳು.

"ಬೇಡ ಕಣೇ, ಹಾಕ್ಬೇಡ!"

ಬಕೆಟ್ಟಿಗೆ ಕೈ ಹಾಕಿ ಎಳೆದೆ. ಅರ್ಧ ಚರಂಡಿಗೆ ಹೋಯಿತು, ಅರ್ಧ ನನ್ನ ಸೀರೆಯ ಮೇಲೆ. ಮೈಸೂರಿನಲ್ಲಿ ಕೊಂಡಿದ್ದ ಕಂದು ಸೀರೆ ನೋಡನೋಡುತ್ತಿದ್ದಂತೆ ಬಿಳಿ ಬಿಳಿಯಾಯಿತು.

"ಏನಕ್ಕಾ ಇದು? ಹುಚ್ಚಾ ನಿಮಗೆ?"

"ನಿನ್ನ ಸ್ಪಂಜಲ್ಲಿ ಏನೂ ರೋಗ ಇರಲಿಲ್ಲ. ನಾನು ತೊಳೆದು ಹಾಕಿದ್ದು. ಬ್ಲೀಚಿಂಗಲ್ಲಿ ನೆನೆಸಿ ತೊಳೆದು ಹಾಕಿದೆ."

ಅವಳು ಮೂಗಿನ ಸೆರಗು ಬಿಚ್ಚಿದಳು. ನಿಧಾನವಾಗಿ ಬಿಚ್ಚಿದಳು.

"ಕೆಂಪರಾಜು ಕೇಳಿದ್ರಲ್ಲ ನಿಮ್ಮನ್ನ."

"ಸುಳ್ಳು ಹೇಳಿದೆ."

"ನಾನು ನಿನ್ನೆ ಬಂದು ಕೇಳಿದ್ನಲ್ಲ. ಎಷ್ಟು ಹಾಕ್ಬೇಕು ಅಂತ."

ನಾನು ಖಾಲಿ ಬಕೆಟ್ಟನ್ನು ಕೆಳಗಿಟ್ಟೆ.

"ಮೂರು ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ನಂಗೆ. ನಿಮ್ಮ ಮೀನು ಕೊಂದ್ಬಿಟ್ಟೆ, ಅತ್ತೆ ಸಂಜೆ ಬರೋದೂ ನಿಲ್ಲಿಸಿಬಿಟ್ರು ಅಂತ. ದೊಡ್ಡ ಓದು ಓದಿದೀರ. ಹೋಗಿ. ಮನೆಗೆ ಹೋಗಿ ನೀವು."

ಬಂದೆ. ಅತ್ತೆಗೂ ಹೇಳಿದೆ, ಇವರಿಗೂ ಹೇಳಿದೆ. ಇವರು ಪೇಪರ್ ಮಡಚಿಟ್ಟು ನನ್ನ ಸೀರೆಯನ್ನೇ ನೋಡಿದರು. ಅತ್ತೆ, "ಬ್ಲೀಚಿಂಗ್ ವಾಸನೆ ಅವತ್ತೇ ಬಂದಿತ್ತು ಕಣಮ್ಮ. ನಂಗೆ ಕಣ್ಣು ಮಂದ, ಮೂಗು ಚೆನ್ನಾಗಿದೆ. ಅವರಮ್ಮನ ಥರ ಏನೋ ತೊಳ್ಕೋತಿದಾಳೆ ಅಂದ್ಕೊಂಡೆ" ಎಂದರು. ಕೋಲು ಕೈಗೆತ್ತಿಕೊಂಡು, "ಕುರ್ಚಿ ಅಲ್ಲಿಗೆ ಹಾಕಮ್ಮ" ಎಂದರು.

ಹಾಕಿ ಬಂದೆ. ವರಲಕ್ಷ್ಮಿ ಬೆನ್ನು ತಿರುಗಿಸಿಕೊಂಡು ಮೀನುಗಳನ್ನು ಒಂದೊಂದಾಗಿ ತೊಟ್ಟಿಗೆ ಬಿಡುತ್ತಿದ್ದಳು.

ಏಪ್ರಿಲ್ 29, ಮಂಗಳವಾರ

ಮುತ್ತೈದೆ ಒಂದು ಪಕ್ಕಕ್ಕೆ ವಾಲಿದ್ದಾಳೆ. ಉಪ್ಪು ಹಾಕಿದ್ದೇನೆ, ನೀರು ಬದಲಾಯಿಸುತ್ತಿದ್ದೇನೆ, ಮೇವು ನಿಲ್ಲಿಸಿದ್ದೇನೆ. ಏನೂ ಸಾಲುತ್ತಿಲ್ಲ.

ಹನ್ನೊಂದು ಗಂಟೆಗೆ ಗೋಡೆಯ ಆಚೆಯಿಂದ ದನಿ ಬಂತು.

"ಆ ಬಿಳೀದನ್ನ ತಗೊಂಡ್ ಬನ್ನಿ ಇಲ್ಲಿಗೆ. ಮೀನೇನು ಮಾಡಿತ್ತು ಪಾಪ."

ಬಕೆಟ್ಟಿನಲ್ಲಿ ಒಯ್ದೆ. ಅವಳು ಡ್ರಮ್ಮಿಗೆ ತನ್ನ ತೊಟ್ಟಿಯ ನೀರನ್ನೇ ತುಂಬಿಸಿ, ಒಂದು ಕಪ್ಪು ಸ್ಪಂಜು ಹಾಕಿ, ಗಾಳಿಯ ಪೈಪು ಇಳಿಬಿಟ್ಟಿದ್ದಳು. ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡು, ಎರಡೂ ನೀರು ಹೊಂದಿಕೊಳ್ಳಲೆಂದು ಲೋಟದಿಂದ ಅಷ್ಟಷ್ಟೇ ಬೆರೆಸಿದಳು. ಅರ್ಧ ಗಂಟೆ ಬೆರೆಸಿದಳು. ಅಷ್ಟೂ ಹೊತ್ತು ನನ್ನ ಕಡೆ ನೋಡಲಿಲ್ಲ. ಅಕ್ಕಾ ಎನ್ನಲೂ ಇಲ್ಲ.

ಹೊರಡುವಾಗ ನೋಡಿದರೆ ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು. ಕಪ್ಪಗೆ, ಲೋಳೆಲೋಳೆಯಾಗಿ, ಕೆಸರು ಸೋರುತ್ತ. ತೆಗೆದುಕೊಂಡು ಬಂದು ಹಾಗೇ ಫಿಲ್ಟರಿಗೆ ಇಳಿಸಿದೆ.

ಕೈ ತೊಳೆಯುವುದು ಮರೆತಿದ್ದೆನೆಂದು ಕಾಣುತ್ತದೆ. ಮಧ್ಯಾಹ್ನ ಓದಿದ ಪುಟದ ಅಂಚಿಗೆ ಹೆಬ್ಬೆಟ್ಟಿನ ಕಪ್ಪು ಗುರುತು ಕೂತಿದೆ.

ಮೇ 8, ಗುರುವಾರ

ಕೊಳದ ಮೇಲೆ ನೆರಳಿಗೆ ಹಸಿರು ಬಲೆ ಕಟ್ಟಿಸಿದೆ. ಗ್ರಾನೈಟ್ ಅಂಚಿನ ಮೇಲೆ ಪಾಚಿ ಹಿಡಿದಿದೆ, ಉಗುರಿನಲ್ಲಿ ಒಮ್ಮೆ ಎಳೆದರೆ ಎದ್ದು ಬರುತ್ತದೆ. ಎಳೆಯಲಿಲ್ಲ. ಕೈ ಕಟ್ಟಿಕೊಂಡು ಕೂತೆ. ಕರಿಯ ಮಾತ್ರ ಒಬ್ಬನೇ ಸುತ್ತುತ್ತಿದ್ದಾನೆ, ಯಾರು ಸತ್ತರು ಯಾರು ಉಳಿದರು ಎಂಬುದು ಅವನಿಗೆ ಬೇಕಿಲ್ಲ.

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಕೊಳೇಲಿ ಒಳ್ಳೇದಿರತ್ತಾ? ನಾನಂತೂ ನಂಬಲ್ಲಪ್ಪ" ಎಂದಳು.

ವರಲಕ್ಷ್ಮಿಯ ಮನೆಯಿಂದ ಅತ್ತೆಯ ನಗು ಕೇಳಿಸುತ್ತಿತ್ತು. ಏನು ಮಾತಾಡಿಕೊಳ್ಳುತ್ತಾರೋ, ಅಷ್ಟು ನಗುವಂಥದ್ದು. ನನ್ನ ಹತ್ತಿರ ಅವರು ಮಾತ್ರೆಯ ಬಗ್ಗೆ ಮಾತಾಡುತ್ತಾರೆ, ಸಕ್ಕರೆಯ ಬಗ್ಗೆ ಮಾತಾಡುತ್ತಾರೆ. ಮುತ್ತೈದೆ ನನ್ನದು. ಈಗ ಅದು ಚೇತರಿಸಿಕೊಂಡು, ಡ್ರಮ್ಮಿನಿಂದ ಅವಳ ತೊಟ್ಟಿಗೆ ಇಳಿದು, ಅವರಿಬ್ಬರ ನಗುವಿನ ನಡುವೆ ಓಡಾಡಿಕೊಂಡಿದೆ. ನೀರು ಸರಿಯಾದ ದಿನವೇ ವಾಪಸು ತರುತ್ತೇನೆ.

ಜೂನ್ 15, ಭಾನುವಾರ

ಕಾಲೇಜು ಶುರುವಾದ ಮೇಲೆ ಬರೆಯಲು ಆಗಿಲ್ಲ.

ಕೆಂಪರಾಜು ಬೆಳಿಗ್ಗೆ ಬಂದು ಹನಿ ಹಾಕಿ ನೋಡಿದರು. ಕೊಳವೆಯ ನೀರು ಹಳದಿಯೇ ಉಳಿಯಿತು. ಕೊಳದ ತಳದ ಕಲ್ಲಿನವರೆಗೂ ಕಾಣುತ್ತಿದೆ. ಕರಿಯನ ಮೀಸೆ ಕಾಣುತ್ತದೆ. "ಇನ್ನೇನು ಭಯ ಇಲ್ಲ ಮೇಡಂ, ಆ ಬಿಳೀದನ್ನ ವಾಪಸ್ ಬಿಟ್ಕೊಳಿ" ಎಂದರು.

ಸಂಜೆ ಬಕೆಟ್ಟು ತೆಗೆದುಕೊಂಡು ಹೋದೆ. ಆ ಬಿಳಿ ಮಚ್ಚೆಯ ಸೀರೆಯನ್ನೇ ಉಟ್ಟಿದ್ದೆ, ಈಗ ಕೊಳದ ಕೆಲಸಕ್ಕೆಲ್ಲ ಅದೇ. ಅತ್ತೆ ತೊಟ್ಟಿಯ ಅಂಚಿಗೆ ಕುರ್ಚಿ ಒತ್ತಿ ಹಾಕಿಸಿಕೊಂಡು ಬಾಗಿ ಕೂತಿದ್ದರು. ಬೆರಳು ಮುಂದೆ ಮಾಡಿ ಎಣಿಸುತ್ತಿದ್ದರು.

"...ಐದು, ಆರು. ಇರು ಇರು, ಅವಳೆಲ್ಲಿ? ಹಾಂ, ಬಂದ್ಳು ನಮ್ಮ ಮುತ್ತೈದೆ. ಏಳು."

ಮುತ್ತೈದೆ ಕೆಂಪು ಮೀನುಗಳ ನಡುವಿನಿಂದ ಮೇಲೆದ್ದು ಬಂದಳು. ರೆಕ್ಕೆ ಬೆಳ್ಳಗಾಗಿದೆ. ಅತ್ತೆಯ ಬೆರಳು ಅವಳು ಹೋದ ಕಡೆಗೆಲ್ಲ ಹೋಯಿತು, ಒಂದು ಸಲವೂ ತಪ್ಪಲಿಲ್ಲ.

ವರಲಕ್ಷ್ಮಿ ಬಟ್ಟೆ ಮಡಚುತ್ತಿದ್ದವಳು ನನ್ನ ಕೈಯ ಬಕೆಟ್ಟು ನೋಡಿದಳು.

"ಕೆಂಪರಾಜು ಹೇಳ್ದ್ರು ನೀರು ಸರಿಹೋಯ್ತು ಅಂತ. ತಗೊಂಡ್ ಹೋಗೋಕೆ ಬಂದ್ರಾ ಅಕ್ಕಾ?"

ಅತ್ತೆಯ ಬೆರಳು ನಿಂತಿತು. ತಿರುಗಿ ನೋಡಲಿಲ್ಲ ಅವರು.

"ಇಲ್ಲಪ್ಪ" ಎಂದೆ. "ಒಂದು ಬಕೆಟ್ ನೀರು ಬೇಕಾಗಿತ್ತು. ನಿನ್ನ ತೊಟ್ಟಿದು."

"ನೀರಾ? ನಿಮ್ದೇ ಚೆನ್ನಾಗಿದೆಯಲ್ಲ ಈಗ?"

"ಇರಲಿ ಅಂತ."

ಅವಳು ಬಟ್ಟೆ ಬಿಟ್ಟು ಬಂದು ಬಕೆಟ್ಟು ಮುಳುಗಿಸಿ ತುಂಬಿಸಿಕೊಟ್ಟಳು. ಗೇಟು ದಾಟಿ ತಂದು ನಮ್ಮ ಕೊಳಕ್ಕೆ ಸುರಿದೆ. ಕರಿಯ ಹೆದರಿ ಮೂಲೆಗೆ ಹೋದ, ಆಮೇಲೆ ಬಂದ. ನೀರು ಮೊದಲಿದ್ದಂತೆಯೇ ಇದೆ.